ನಿಮ್ಮ ವಾಚ್ 10.2 ಕಿ.ಮೀ. ತೋರಿಸಿತೇ? ಹಾಗಾದರೆ ರಸ್ತೆಯನ್ನು ಸೈಕಲ್ಲಿನಲ್ಲಿ ಅಳೆದವರ ಕಥೆ ಓದಿ

ಬೆಂಗಳೂರಿನಲ್ಲಿ ದೊಡ್ಡ ಓಟವೊಂದು ಮುಗಿದ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆಲ್ಲ ನನ್ನ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಬಂದೇ ಬರುತ್ತದೆ. ಯಾರದೋ ಸ್ಮಾರ್ಟ್‌ವಾಚಿನದು. 10.21 ಕಿ.ಮೀ. ಎಂದಿರುತ್ತದೆ, ಅದರ ಸುತ್ತ ಕೆಂಪು ಗೆರೆ. ಕೆಳಗೆ ಒಂದು ಸಾಲು: "ದುಡ್ಡು ತಗೊಂಡು ದೂರ ಅಳೆಯೋಕೂ ಬರಲ್ವಾ ಇವರಿಗೆ? ಎಲ್ಲರಿಗೂ ಶೇರ್ ಮಾಡಿ."

ನಾನು ಶೇರ್ ಮಾಡುವುದಿಲ್ಲ. ಕಾರಣ, ದೂರ ತಪ್ಪಿಸುವುದು ಎಂದರೇನು ಅಂತ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ನಾನೇ ತಪ್ಪಿಸಿದ್ದೇನೆ.

ನಮ್ಮ ಬಡಾವಣೆಯ ಹತ್ತಿರ ಸ್ವಯಂಸೇವಕರೇ ನಡೆಸುವ ಒಂದು ಚಿಕ್ಕ ಓಟದ ಗುಂಪಿದೆ. ವಾರಕ್ಕೊಮ್ಮೆ ಬೆಳಿಗ್ಗೆ 5 ಕಿ.ಮೀ. ಓಟ. ಶುಲ್ಕ ಇಲ್ಲ, ಪದಕ ಇಲ್ಲ, ಕೊನೆಗೆ ಬಾಳೆಹಣ್ಣು ಇರುತ್ತದೆ. ಆ ದಿನ ಹಿಂತಿರುಗುವ ಜಾಗದಲ್ಲಿ ಕೇಸರಿ ಬಣ್ಣದ ಕೋನ್ ಇಡುವ ಕೆಲಸ ನನ್ನದಾಗಿತ್ತು. ಒಂದು ಕರೆಂಟ್ ಕಂಬ ಮೊದಲೇ ಅಲ್ಲ, ಸುಮಾರು 200 ಮೀಟರ್ ಮೊದಲೇ ಇಟ್ಟುಬಿಟ್ಟೆ. ಹೋಗುವಾಗ 200, ಬರುವಾಗ 200. ಒಟ್ಟು 400 ಮೀಟರ್ ಕಡಿಮೆ. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮೂರು ತಿಂಗಳಿಂದ 30 ನಿಮಿಷದೊಳಗೆ ಮುಗಿಸಬೇಕು ಅಂತ ಒದ್ದಾಡುತ್ತಿದ್ದರು. ಅಂದು 29 ನಿಮಿಷ ಚಿಲ್ಲರೆಗೆ ಮುಗಿಸಿದರು. ಕುಣಿಯೋದೊಂದು ಬಾಕಿ. ಮನೆಗೆ ಫೋನ್ ಮಾಡಿ ಹೇಳಿಯೂ ಆಗಿತ್ತು.

ಅವರಿಗೆ ನಿಜ ಹೇಳಬೇಕಾಗಿತ್ತು. ಅದನ್ನು ಯಾರು ಹೇಳಬೇಕು, ಹೇಳಲೇಬೇಕಾ ಎಂಬ ಚರ್ಚೆ ಬಾಳೆಹಣ್ಣಿನ ಬುಟ್ಟಿಯ ಪಕ್ಕ ಹತ್ತು ನಿಮಿಷ ನಡೆಯಿತು. ಅವರ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಈ "ದೂರ" ಎಂಬುದನ್ನು ಯಾರು, ಹೇಗೆ, ಯಾಕೆ ಅಷ್ಟು ತಲೆಕೆಡಿಸಿಕೊಂಡು ಅಳೆಯಲು ಶುರು ಮಾಡಿದರು ಎಂದು ನೋಡೋಣ. ಇದು ದೊಡ್ಡ ಕಂಪನಿಗಳು ಮಾಡಿದ ಕೆಲಸವಲ್ಲ. ನೌಕರಿ ಮುಗಿಸಿ ಬಂದು ಸಂಜೆ, ರಜಾದಿನಗಳಲ್ಲಿ ಕ್ಲಬ್ ನಡೆಸುತ್ತಿದ್ದ ಜನ ಮಾಡಿದ್ದು.

ಮೊದಲು ಒಂದು ಪದದ ವಿಚಾರ

"ನಾಳೆ ನಮ್ಮೂರಲ್ಲಿ 5 ಕಿ.ಮೀ. ಮ್ಯಾರಥಾನ್" ಎಂಬ ಪೋಸ್ಟರ್ ನೀವು ನೋಡಿಯೇ ಇರುತ್ತೀರಿ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಮ್ಯಾರಥಾನ್ ಎಂದರೆ 42.195 ಕಿ.ಮೀ., ಅಷ್ಟೇ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅದು ಸುಮಾರು 40 ಕಿ.ಮೀ. ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 26 ಮೈಲಿ 385 ಗಜ ಓಡಿಸಿದರು. 1921ರಲ್ಲಿ ಅದೇ ಅಳತೆಯನ್ನು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಖಾಯಂ ಮಾಡಿತು. ಹಾಗಾಗಿ "5 ಕಿ.ಮೀ. ಮ್ಯಾರಥಾನ್" ಅನ್ನುವುದು "ಅರ್ಧ ಲೀಟರಿನ ಒಂದು ಲೀಟರ್ ಹಾಲು" ಅಂದಂತೆ. ಇದರಿಂದ ಯಾರಿಗೂ ನಷ್ಟವಿಲ್ಲ ಬಿಡಿ. ಆದರೆ ಓಟದಲ್ಲಿ ದೂರವೇ ಎಲ್ಲ ಎಂದು ತಿಳಿದವರಿಗೆ ಸ್ವಲ್ಪ ಕಿವಿ ಚುಚ್ಚುತ್ತದೆ.

1958, ನ್ಯೂಯಾರ್ಕ್, ಒಬ್ಬ ಫಿಸಿಯೋಥೆರಪಿಸ್ಟ್

ಈಗ ಐವತ್ತು ಸಾವಿರಕ್ಕೂ ಹೆಚ್ಚು ಜನ ಓಡುವ ನ್ಯೂಯಾರ್ಕ್ ಸಿಟಿ ಮ್ಯಾರಥಾನ್ ಗೊತ್ತಲ್ಲ? ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿರುವ ಟಿಸಿಎಸ್ ಕಂಪನಿಯೇ 2014ರಿಂದ ಅದಕ್ಕೂ ಪ್ರಾಯೋಜಕ. ಆ ಓಟವನ್ನು ನಡೆಸುವುದು ನ್ಯೂಯಾರ್ಕ್ ರೋಡ್ ರನ್ನರ್ಸ್ ಎಂಬ ಸಂಸ್ಥೆ. ಇವತ್ತು ಅದಕ್ಕೆ ಕಚೇರಿ, ಸಂಬಳದ ಸಿಬ್ಬಂದಿ ಎಲ್ಲ ಇದೆ. 1958ರಲ್ಲಿ ಶುರುವಾದಾಗ ಇದ್ದದ್ದು ಸುಮಾರು 40 ಸದಸ್ಯರು.

ಆ ಕಾಲದಲ್ಲಿ ಅಮೆರಿಕದಲ್ಲಿ ರಸ್ತೆ ಮೇಲೆ ದೂರದ ಓಟ ಓಡುವವರನ್ನು ಜನ ವಿಚಿತ್ರವಾಗಿ ನೋಡುತ್ತಿದ್ದರು. ಅಥ್ಲೆಟಿಕ್ಸ್ ಅಧಿಕಾರಿಗಳಿಗೆ ಟ್ರ್ಯಾಕ್ ಮೇಲಿನ ಓಟಗಳೇ ಮುಖ್ಯ. ಬ್ರಿಟನ್ನಿನಲ್ಲಿ 1952ರಲ್ಲೇ ರೋಡ್ ರನ್ನರ್ಸ್ ಕ್ಲಬ್ ಶುರುವಾಗಿತ್ತು. ಅದನ್ನು ನೋಡಿ ಅಮೆರಿಕದ ಬ್ರೌನಿಂಗ್ ರಾಸ್ ಎಂಬ ಒಲಿಂಪಿಕ್ ಓಟಗಾರ, ದೂರದ ಓಟಕ್ಕೆಂದೇ ಸ್ವತಃ ಪತ್ರಿಕೆ ಹೊರಡಿಸುತ್ತಿದ್ದವರು, ನಮ್ಮಲ್ಲೂ ಇಂಥದ್ದು ಬೇಕು ಎಂದರು. ರೋಡ್ ರನ್ನರ್ಸ್ ಕ್ಲಬ್ ಆಫ್ ಅಮೆರಿಕ ಹುಟ್ಟಿದ್ದು ಹಾಗೆ. ನ್ಯೂಯಾರ್ಕ್ ಅದರ ಒಂದು ಶಾಖೆ. ಮೊದಲ ಅಧ್ಯಕ್ಷ ಟೆಡ್ ಕಾರ್ಬಿಟ್.

ಕಾರ್ಬಿಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1919ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ. ಗುಲಾಮರಾಗಿದ್ದವರ ಮೊಮ್ಮಗ. ಕಾಲೇಜಿನಲ್ಲಿದ್ದಾಗ ಕಪ್ಪು ವರ್ಣೀಯರ ಜೊತೆ ಓಡಲು ಬಿಳಿಯರು ಒಪ್ಪದ ಕಾರಣ ಕೆಲವು ಸ್ಪರ್ಧೆಗಳಿಗೆ ಅವರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಮ್ಯಾರಥಾನ್ ಓಡಿದರು. ಆ ಅವಕಾಶ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. ಹೊಟ್ಟೆಪಾಡಿಗೆ ಫಿಸಿಯೋಥೆರಪಿ. ಕೆಲಸಕ್ಕೆ ಎಷ್ಟೋ ಸಲ ಓಡಿಕೊಂಡೇ ಹೋಗುತ್ತಿದ್ದರು.

ಬಾಗಿಲಲ್ಲಿ ನಿಲ್ಲಿಸಿಕೊಂಡ ಅನುಭವ ಇದ್ದ ಆ ಮನುಷ್ಯ ತನ್ನ ಕೈಗೆ ಕ್ಲಬ್ ಬಂದಾಗ ಹಿಡಿದ ಹಟ ಒಂದು ವಿಚಿತ್ರ ವಿಷಯದ ಮೇಲೆ: ಓಟದ ದಾರಿ ಹೇಳಿದಷ್ಟೇ ಉದ್ದ ಇರಬೇಕು. ವಿಚಿತ್ರ ಅಂದೆ, ಆದರೆ ಯೋಚಿಸಿದರೆ ಹಾಗಲ್ಲ. ಅಧಿಕಾರಿಗಳು ಇಷ್ಟಪಡಲಿ ಬಿಡಲಿ, ಸರಿಯಾಗಿ ಅಳೆದ ದಾರಿಯಲ್ಲಿ ನೀವು ಓಡಿದ ಸಮಯವನ್ನು ಯಾರೂ ಅಲ್ಲಗಳೆಯಲಾಗದು. ಅಂದಿನ ರಸ್ತೆ ಓಟಗಳ ದೂರವನ್ನು ಕಾರಿನ ಮೀಟರ್ ನೋಡಿ ಹೇಳುವುದು ಸಾಮಾನ್ಯವಾಗಿತ್ತು. ಅದು ಒಂದು ಕಾರಿನಿಂದ ಇನ್ನೊಂದಕ್ಕೆ ಬೇರೆ. ಬ್ರಿಟನ್ನಿನ ಕ್ಲಬ್ಬಿನ ಜಾನ್ ಜ್ಯುವೆಲ್ ಸೈಕಲ್ಲಿನಿಂದ ಅಳೆಯುವ ವಿಧಾನವನ್ನು ಬರೆದಿಟ್ಟಿದ್ದರು. ಕಾರ್ಬಿಟ್ ಅದನ್ನು ಓದಿ, ಪ್ರಯೋಗಿಸಿ, 1964ರಲ್ಲಿ ರಸ್ತೆ ಓಟದ ದಾರಿಗಳನ್ನು ಅಳೆಯುವ ಬಗ್ಗೆಯೇ ಒಂದು ಪುಸ್ತಿಕೆ ಪ್ರಕಟಿಸಿದರು. ಇವತ್ತು ಜಗತ್ತಿನ ಎಲ್ಲ ಅಧಿಕೃತ ರಸ್ತೆ ಓಟಗಳನ್ನು ಅಳೆಯುವುದು ಅದೇ ವಿಧಾನದಲ್ಲಿ. ಉಪಗ್ರಹ ಬಂದ ಮೇಲೂ ಸೈಕಲ್ಲೇ.

ಸೈಕಲ್ಲಿನಲ್ಲಿ ರಸ್ತೆ ಅಳೆಯುವುದು ಹೇಗೆ?

ಮೊದಲು ನೇರವಾದ ಒಂದು ರಸ್ತೆಯಲ್ಲಿ ಉಕ್ಕಿನ ಟೇಪ್ ಹಿಡಿದು ಕನಿಷ್ಠ 300 ಮೀಟರ್ ಅಳೆದು ಗುರುತು ಹಾಕುತ್ತಾರೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಎಂದು ಅದಕ್ಕೂ ಲೆಕ್ಕ ಹಾಕಿ ತಿದ್ದುತ್ತಾರೆ. ಆಮೇಲೆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಒಂದು ಚಿಕ್ಕ ಗಿಯರ್ ಇರುವ ಎಣಿಕೆ ಯಂತ್ರ ಸೇರಿಸುತ್ತಾರೆ. ಅಮೆರಿಕದ ಅಲನ್ ಜೋನ್ಸ್ 1971ರಲ್ಲಿ ಇದನ್ನು ರೂಪಿಸಿದರು, ತಯಾರಿಸಿ ಕೊಡುತ್ತಿದ್ದದ್ದು ಅವರ ಮಗ. ಹೆಸರೇ ಜೋನ್ಸ್ ಕೌಂಟರ್. ಚಕ್ರ ಒಂದು ಸುತ್ತು ತಿರುಗಿದರೆ ಇದರಲ್ಲಿ 20ಕ್ಕೂ ಹೆಚ್ಚು ಅಂಕಿ ಓಡುತ್ತವೆ. ಅಂದರೆ ಒಂದು ಅಂಕಿಗೆ ಸುಮಾರು 10 ಸೆಂಟಿಮೀಟರ್.

ಟೇಪಿನಲ್ಲಿ ಅಳೆದ ಆ 300 ಮೀಟರನ್ನು ನಾಲ್ಕು ಸಲ ಸೈಕಲ್ಲಿನಲ್ಲಿ ಹೋಗಿ ಎಷ್ಟು ಅಂಕಿ ಬಂತು ಎಂದು ಬರೆದುಕೊಳ್ಳುತ್ತಾರೆ. ಈಗ ನಿಮ್ಮ ಸೈಕಲ್ಲಿಗೆ, ನಿಮ್ಮ ತೂಕಕ್ಕೆ, ಇವತ್ತಿನ ಗಾಳಿಯ ಒತ್ತಡಕ್ಕೆ ಒಂದು ಕಿಲೋಮೀಟರ್ ಎಂದರೆ ಎಷ್ಟು ಅಂಕಿ ಎಂಬುದು ಗೊತ್ತಾಯಿತು. ಆಮೇಲೆ ಓಟದ ದಾರಿ ಪೂರ್ತಿ ಸವಾರಿ. ಮುಗಿದ ಮೇಲೆ ವಾಪಸ್ ಬಂದು ಅದೇ 300 ಮೀಟರ್ ಮತ್ತೆ ನಾಲ್ಕು ಸಲ. ಯಾಕೆ ಮತ್ತೆ? ಬೆಳಿಗ್ಗೆ ತಂಪಿನಲ್ಲಿ ಶುರು ಮಾಡಿದಿರಿ, ಬಿಸಿಲೇರುತ್ತ ಟೈರಿನೊಳಗಿನ ಗಾಳಿ ಹಿಗ್ಗುತ್ತದೆ, ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಅಷ್ಟೇ ದೂರಕ್ಕೆ ಅಂಕಿ ಕಡಿಮೆ ಬೀಳುತ್ತವೆ. ಕೂದಲೆಳೆಯ ವ್ಯತ್ಯಾಸವೇ 42 ಕಿ.ಮೀ. ಆಗುವಷ್ಟರಲ್ಲಿ ಹತ್ತಾರು ಮೀಟರ್ ಆಗಿಬಿಡಬಹುದು.

ಸವಾರಿ ಮಾಡುವಾಗ ಇನ್ನೊಂದು ನಿಯಮ. ಓಟಗಾರ ಓಡಬಹುದಾದ ಅತಿ ಹತ್ತಿರದ ದಾರಿಯಲ್ಲೇ ಹೋಗಬೇಕು. ತಿರುವಿನಲ್ಲಿ ಫುಟ್‌ಪಾತಿನ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಒಂದು ತಿರುವಿನಿಂದ ಮುಂದಿನ ತಿರುವಿಗೆ ಓರೆಯಾಗಿ, ದಾರ ಎಳೆದು ಬಿಗಿದಂತೆ. ಎದುರಿನಿಂದ ಬರುವ ಬಸ್ಸಿಗೆ ಈ ನಿಯಮ ಗೊತ್ತಿರುವುದಿಲ್ಲವಾದ್ದರಿಂದ ನಸುಕಿನಲ್ಲೇ ಅಳೆಯುತ್ತಾರೆ, ಹಿಂದೆ ಒಂದು ಕಾವಲು ವಾಹನ ಇರುತ್ತದೆ.

ಕೊನೆಗೆ ಎಲ್ಲ ಮುಗಿದ ಮೇಲೆ ಬೇಕೆಂದೇ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಏನೇ ಚಿಕ್ಕ ತಪ್ಪಾದರೂ ದಾರಿ ಉದ್ದವಾಗಬಹುದೇ ಹೊರತು ಗಿಡ್ಡವಾಗಬಾರದು ಎಂದು. ಹಾಗಾಗಿ ಸರಿಯಾಗಿ ಅಳೆದ 10 ಕಿ.ಮೀ. ದಾರಿಯಲ್ಲಿ ಇರುವುದು 10,010 ಮೀಟರ್. ಮ್ಯಾರಥಾನಿನಲ್ಲಿ 42 ಮೀಟರ್ ಹೆಚ್ಚು.

ಮತ್ತೆ ಆ 10.21 ಎಲ್ಲಿಂದ ಬಂತು?

ಅದರಲ್ಲಿ 10 ಮೀಟರ್ ಲೆಕ್ಕ ಸಿಕ್ಕಿತು. ಉಳಿದ 200 ಮೀಟರ್?

ಸ್ವಲ್ಪ ಭಾಗ ನಿಜವಾಗಿಯೂ ನೀವು ಓಡಿದ್ದೇ. ಶಾಲೆಯ ಕ್ರೀಡಾಕೂಟ ನೆನಪಿಸಿಕೊಳ್ಳಿ. 400 ಮೀಟರ್ ಓಟದಲ್ಲಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದಿಲ್ಲ, ಹೊರಗಿನ ಲೇನಿನವರನ್ನು ಮುಂದೆ ಮುಂದೆ ನಿಲ್ಲಿಸುತ್ತಾರೆ. ಯಾಕೆಂದರೆ ಒಂದು ಲೇನ್ ಹೊರಗೆ ಹೋದರೆ ಒಂದು ಸುತ್ತಿಗೆ 7 ಮೀಟರಿಗೂ ಹೆಚ್ಚು ಜಾಸ್ತಿ ಓಡಬೇಕಾಗುತ್ತದೆ. ರಸ್ತೆಯಲ್ಲೂ ಅದೇ. ಸಾವಿರಾರು ಜನರ ನಡುವೆ ನೀವು ಒಳಅಂಚು ಹಿಡಿದು ಓಡಲು ಆಗುವುದಿಲ್ಲ. ಒಬ್ಬರನ್ನು ದಾಟಲು ಬಲಕ್ಕೆ, ನೀರು ತೆಗೆದುಕೊಳ್ಳಲು ಎಡಕ್ಕೆ, ಫೋಟೊ ತೆಗೆಯುವವರು ಕಂಡರೆ ಅವರ ಕಡೆಗೆ. (ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ.) ದಾರ ಬಿಗಿದ ದಾರಿಗಿಂತ ನೀವು ಓಡಿದ ದಾರಿ ಉದ್ದ.

ಉಳಿದದ್ದು ವಾಚಿನ ಕೊಡುಗೆ. ಜಿಪಿಎಸ್ ನೀವು ಎಲ್ಲಿದ್ದೀರಿ ಎಂದು ಸೆಕೆಂಡಿಗೊಮ್ಮೆ ಅಂದಾಜು ಮಾಡಿ ಆ ಚುಕ್ಕೆಗಳನ್ನು ಜೋಡಿಸುತ್ತದೆ. ಪ್ರತಿ ಚುಕ್ಕೆಯೂ ಕೆಲವು ಮೀಟರ್ ಅತ್ತಿತ್ತ ಇರುತ್ತದೆ. ನೇರ ಗೆರೆಯ ಮೇಲಿನ ಚುಕ್ಕೆಗಳನ್ನು ಕೈ ನಡುಗಿಸುತ್ತ ಜೋಡಿಸಿದರೆ ಗೆರೆ ಅಂಕುಡೊಂಕಾಗುತ್ತದೆ, ಅಂಕುಡೊಂಕು ಗೆರೆ ಯಾವಾಗಲೂ ನೇರ ಗೆರೆಗಿಂತ ಉದ್ದ. ಎತ್ತರದ ಕಟ್ಟಡ, ಮರಗಳ ಸಾಲು, ಮೆಟ್ರೊ ಮಾರ್ಗದ ಕೆಳಗಿನ ರಸ್ತೆ ಬಂದರೆ ನಡುಕ ಇನ್ನೂ ಜಾಸ್ತಿ. ಅಂದರೆ ತಪ್ಪು ಸಾಮಾನ್ಯವಾಗಿ ಹೆಚ್ಚಿನ ಕಡೆಗೇ ವಾಲುತ್ತದೆ.

ಹಾಗಾಗಿ ಪ್ರಮಾಣಪತ್ರ ಇರುವ 10 ಕಿ.ಮೀ. ಓಟದಲ್ಲಿ ನಿಮ್ಮ ವಾಚ್ 10.1, 10.2 ತೋರಿಸಿದರೆ ಅದು ಹಗರಣವಲ್ಲ. ಎಲ್ಲರ ವಾಚೂ 9.8 ತೋರಿಸಿದರೆ ಆಗ ಕೇಳಬೇಕು. ನಮ್ಮ ಬಡಾವಣೆಯಲ್ಲಿ ಆ ದಿನ ಎಲ್ಲರ ವಾಚೂ 4.6 ತೋರಿಸಿತ್ತು. ಅಲ್ಲಿ ವಾಚಿನ ತಪ್ಪಿರಲಿಲ್ಲ.

ಅಳತೆ ಕಲಿಸಿದ ಕ್ಲಬ್ಬೇ ತಪ್ಪಿದಾಗ

1970ರ ಸೆಪ್ಟೆಂಬರ್ 13ರಂದು ನ್ಯೂಯಾರ್ಕಿನ ಈ ಕ್ಲಬ್ ಸೆಂಟ್ರಲ್ ಪಾರ್ಕಿನೊಳಗೇ ಮೊದಲ ನ್ಯೂಯಾರ್ಕ್ ಸಿಟಿ ಮ್ಯಾರಥಾನ್ ನಡೆಸಿತು. ಪ್ರವೇಶ ಶುಲ್ಕ 1 ಡಾಲರ್. ಒಟ್ಟು ಬಜೆಟ್ 1,000 ಡಾಲರ್. ಓಡಲು ನಿಂತವರು 127, ಮುಗಿಸಿದವರು 55. ಗೆದ್ದವರು ಅಗ್ನಿಶಾಮಕ ದಳದ ಗ್ಯಾರಿ ಮರ್ಕಿ. ಬಹುಮಾನಕ್ಕೆ ಅಗ್ಗದ ಕೈಗಡಿಯಾರಗಳು, ಬೇರೆ ಆಟಗಳ ಹಳೆಯ ಟ್ರೋಫಿಗಳು. ಇದರ ಹಿಂದೆ ಓಡಾಡಿದವರಲ್ಲಿ ಮುಖ್ಯರು ಸಿದ್ಧ ಉಡುಪಿನ ವ್ಯಾಪಾರದಲ್ಲಿದ್ದ ಫ್ರೆಡ್ ಲೆಬೊ. ರೊಮೇನಿಯಾದಲ್ಲಿ ಹುಟ್ಟಿದ ಯಹೂದಿ, ನಾಜಿ ಕಾಲದ ನರಮೇಧದಿಂದ ಬದುಕುಳಿದವರು. ಮಾತುಗಾರ, ಪ್ರಚಾರಪ್ರಿಯ. ಕಾರ್ಬಿಟ್ ಮಿತಭಾಷಿ. ಒಂದು ಕ್ಲಬ್ಬಿಗೆ ಎರಡೂ ಬಗೆಯವರು ಬೇಕಾಗುತ್ತಾರೆ ಅನ್ನಿಸುತ್ತದೆ, ಅವರಿಬ್ಬರೂ ಒಂದೇ ಮೇಜಿನ ಸುತ್ತ ಕೂರುವುದು ಕಷ್ಟವಾದರೂ.

1976ರಲ್ಲಿ ಓಟ ಪಾರ್ಕಿನಿಂದ ಹೊರಬಂದು ನಗರದ ಐದೂ ವಿಭಾಗಗಳನ್ನು ಹಾಯ್ದಿತು. ಸುಮಾರು 2,000 ಜನ. ಅಲ್ಲಿಂದ ಅದು ಬೆಳೆದ ವೇಗ ನಿಮಗೆ ಗೊತ್ತೇ ಇದೆ.

1981ರಲ್ಲಿ ಆಲ್ಬರ್ಟೊ ಸಲಾಜಾರ್ ಅಲ್ಲಿ 2 ಗಂಟೆ 8 ನಿಮಿಷ 13 ಸೆಕೆಂಡಿನಲ್ಲಿ ಓಡಿ ವಿಶ್ವದ ಅತಿ ವೇಗದ ಮ್ಯಾರಥಾನ್ ಎನಿಸಿಕೊಂಡರು. ಹಳೆಯ ದಾಖಲೆಗಿಂತ ಸುಮಾರು 20 ಸೆಕೆಂಡ್ ಕಡಿಮೆ. ಕೆಲವು ವರ್ಷಗಳ ನಂತರ ಆ ದಾರಿಯನ್ನು ಮತ್ತೆ ಅಳೆದರು. ಸುಮಾರು 148 ಮೀಟರ್ ಗಿಡ್ಡ! ಅವರ ವೇಗದಲ್ಲಿ 148 ಮೀಟರ್ ಎಂದರೆ ಸುಮಾರು 27 ಸೆಕೆಂಡ್. ನೀವೇ ಗುಣಿಸಿ ನೋಡಬಹುದು. ದಾಖಲೆ ಮುರಿದ ಅಂತರಕ್ಕಿಂತ ದಾರಿಯ ಕೊರತೆಯೇ ದೊಡ್ಡದಾಯಿತು. ದಾಖಲೆ ಹೋಯಿತು.

ನನಗೆ ಇಲ್ಲಿ ಗಮನ ಸೆಳೆಯುವುದು ತಪ್ಪಾಯಿತು ಎಂಬುದಲ್ಲ. ಮರುಅಳತೆ ಎಂಬ ವ್ಯವಸ್ಥೆ ಇತ್ತು, ಫಲಿತಾಂಶ ಜಗತ್ತಿಗೆಲ್ಲ ಗೊತ್ತಾಯಿತು. ಫಾರ್ವರ್ಡ್ ಸಂದೇಶಕ್ಕೂ ಅಳತೆಗೂ ಇರುವ ವ್ಯತ್ಯಾಸ ಇದೇ. ಅಳತೆಯನ್ನು ಇನ್ನೊಬ್ಬರು ಸೈಕಲ್ ತೆಗೆದುಕೊಂಡು ಹೋಗಿ ಪರೀಕ್ಷಿಸಬಹುದು.

ಹತ್ತು ನಿಮಿಷ ಕೂತವರು

ಕ್ಲಬ್‌ಗಳ ಇತಿಹಾಸವನ್ನು ಹೊಗಳುತ್ತ ಹೋದರೆ ಅರ್ಧ ಸತ್ಯವಾಗುತ್ತದೆ. ದೂರದ ಓಟ ಹೆಂಗಸರ ದೇಹಕ್ಕೆ ಆಗದು, ಗರ್ಭಕೋಶಕ್ಕೆ ತೊಂದರೆ ಎಂಬ ನಂಬಿಕೆ ಬಹಳ ಕಾಲ ಅಧಿಕೃತ ನಿಯಮವೇ ಆಗಿತ್ತು. ಇವತ್ತಿಗೂ ಅದರ ಚೂರುಪಾರು ಕುಟುಂಬದ ಗ್ರೂಪುಗಳಲ್ಲಿ ಓಡಾಡುತ್ತಿದೆ. 1972ರ ಹೊತ್ತಿಗೆ ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ಮಹಿಳೆಯರಿಗೆ ಮ್ಯಾರಥಾನ್ ಓಡಲು ಒಪ್ಪಿತ್ತಾದರೂ ಅವರು ಗಂಡಸರಿಗಿಂತ ಹತ್ತು ನಿಮಿಷ ಮೊದಲು ಪ್ರತ್ಯೇಕವಾಗಿ ಓಡಬೇಕು ಎಂದಿತ್ತು. ಆ ವರ್ಷದ ನ್ಯೂಯಾರ್ಕ್ ಓಟದಲ್ಲಿ ಮಹಿಳೆಯರ ಗುಂಡು ಹಾರಿದಾಗ ಆರು ಮಂದಿ ಓಡದೆ ಗೆರೆಯ ಮೇಲೆ ಕೂತರು. ಕೈಯಲ್ಲಿ ಪ್ರತಿಭಟನೆಯ ಫಲಕಗಳು. ಹತ್ತು ನಿಮಿಷ ಕಳೆದು ಗಂಡಸರ ಗುಂಡು ಹಾರಿದಾಗ ಎದ್ದು ಎಲ್ಲರ ಜೊತೆ ಓಡಿದರು. ಮಹಿಳೆಯರಲ್ಲಿ ಗೆದ್ದ ನೀನಾ ಕುಸ್ಕಿಕ್ ಆ ಆರು ಮಂದಿಯಲ್ಲಿ ಒಬ್ಬರು. ಕೂತ ಹತ್ತು ನಿಮಿಷವನ್ನೂ ಅವರ ಓಟದ ಸಮಯಕ್ಕೆ ಸೇರಿಸಿದರು.

ಅದೇ ವರ್ಷ ಇದೇ ಕ್ಲಬ್ ಮಹಿಳೆಯರಿಗೆ ಮಾತ್ರ 6 ಮೈಲಿಯ ಒಂದು ಓಟ ನಡೆಸಿತು. ಬಂದವರು ಎಪ್ಪತ್ತು ಚಿಲ್ಲರೆ. ಅದಕ್ಕೆ ಇಟ್ಟ ಹೆಸರು "ಮಿನಿ ಮ್ಯಾರಥಾನ್". ಆಗ ಚಾಲ್ತಿಯಲ್ಲಿದ್ದ ಮಿನಿ ಸ್ಕರ್ಟಿನಿಂದ ಬಂದ ಮಿನಿ. ನಮ್ಮ ಊರಿನ ಕಾಲೇಜು ಪೋಸ್ಟರುಗಳಲ್ಲಿ ಈ ಪದ ಕಂಡಾಗಲೆಲ್ಲ ನನಗೆ ಅದು ನೆನಪಾಗಿ ನಗು ಬರುತ್ತದೆ.

ವಾಷರ್ ಹಿಡಿದು ಶುರುವಾದ ಶನಿವಾರ

ದೊಡ್ಡದಾದ ಮೇಲೆ ಕ್ಲಬ್ಬಿಗೆ ಪ್ರಾಯೋಜಕರು ಬೇಕು, ರಸ್ತೆ ಮುಚ್ಚಲು ಪೊಲೀಸರು ಬೇಕು, ಶುಲ್ಕ ಏರುತ್ತದೆ. ಇದರಲ್ಲಿ ಮೋಸ ಇದೆ ಎಂದೇನಲ್ಲ. ಇವತ್ತಿಗೂ ನ್ಯೂಯಾರ್ಕ್ ಮ್ಯಾರಥಾನ್ ದಿನ 10 ಸಾವಿರದಷ್ಟು ಸ್ವಯಂಸೇವಕರು ಕೆಲಸ ಮಾಡುತ್ತಾರೆ. ಆದರೆ 1 ಡಾಲರ್ ಕೊಟ್ಟು ಓಡಿದವರ ಓಟ ಅದಲ್ಲ.

ಇನ್ನೊಂದು ತುದಿಯಿಂದ ಶುರುವಾದದ್ದು ಲಂಡನ್ನಿನ ಬುಷಿ ಪಾರ್ಕಿನಲ್ಲಿ. 2004ರ ಅಕ್ಟೋಬರ್ 2, ಶನಿವಾರ. ಗಾಯದಿಂದ ಓಡಲಾಗದೆ ಕೂತಿದ್ದ ಪಾಲ್ ಸಿಂಟನ್-ಹೆವಿಟ್ ಎಂಬ ಓಟಗಾರ, ಓಡಲಾಗದಿದ್ದರೇನು, ಗೆಳೆಯರನ್ನು ವಾರಕ್ಕೊಮ್ಮೆ ನೋಡಿದಂತಾದರೂ ಆಗುತ್ತದೆ ಎಂದು 5 ಕಿ.ಮೀ. ಓಟ ಇಟ್ಟರು. ಬಂದವರು 13 ಮಂದಿ. ಮುಗಿಸಿದವರಿಗೆ ಕೊಡುವ ನಂಬರ್ ಬಿಲ್ಲೆಗಳು ಹಾರ್ಡ್‌ವೇರ್ ಅಂಗಡಿಯ ವಾಷರ್‌ಗಳು. ಅದೇ ಮುಂದೆ ಪಾರ್ಕ್‌ರನ್ ಆಯಿತು. ಈಗ 20ಕ್ಕೂ ಹೆಚ್ಚು ದೇಶಗಳಲ್ಲಿ, 2,000ಕ್ಕೂ ಹೆಚ್ಚು ಜಾಗಗಳಲ್ಲಿ ನಡೆಯುತ್ತದೆ. ಇಂದಿಗೂ ಓಡುವವರಿಗೆ ಉಚಿತ.

ನಮ್ಮ ಬಡಾವಣೆಯ ಗುಂಪು ಪಾರ್ಕ್‌ರನ್ ಅಲ್ಲ, ಆದರೆ ಅದರ ವಿಧಾನವನ್ನು ಕಲಿತುಕೊಂಡಿದೆ. ಅದು ಎಷ್ಟು ಸರಳ, ಎಷ್ಟು ಸುಲಭವಾಗಿ ಕೆಡುತ್ತದೆ ಎಂದು ಹೇಳುತ್ತೇನೆ. ಗೆರೆಯ ಬಳಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ಪ್ರತಿಯೊಬ್ಬರು ದಾಟಿದಾಗ ಒಂದು ಸಲ ಒತ್ತುತ್ತಾರೆ. ಅವರಿಗೆ ಯಾರು ದಾಟಿದರು ಎಂಬುದು ಬೇಡ; ಮೊದಲನೆಯವರು ಇಷ್ಟು, ಎರಡನೆಯವರು ಇಷ್ಟು, ಅಷ್ಟೇ. ಸ್ವಲ್ಪ ಮುಂದೆ ಇನ್ನೊಬ್ಬರು ಕ್ರಮವಾಗಿ ನಂಬರ್ ಬಿಲ್ಲೆ ಕೊಡುತ್ತಾರೆ. ಮೂರನೆಯವರು ಬಿಲ್ಲೆಯ ನಂಬರ್, ಓಟಗಾರರ ಹೆಸರು ಎರಡನ್ನೂ ದಾಖಲಿಸುತ್ತಾರೆ. ಪಾರ್ಕ್‌ರನ್ನಿನಲ್ಲಾದರೆ ಎರಡೂ ಬಾರ್‌ಕೋಡ್. ಎರಡು ಪಟ್ಟಿ ಕೂಡಿಸಿದರೆ ಫಲಿತಾಂಶ ಸಿದ್ಧ.

ಈಗ 17ನೆಯವರು ಗೆರೆ ದಾಟಿ, ಬಿಲ್ಲೆ ತೆಗೆದುಕೊಳ್ಳದೆ ಸೀದಾ ಬಾಳೆಹಣ್ಣಿನ ಕಡೆ ಹೋದರು ಅನ್ನಿ. ಸ್ಟಾಪ್‌ವಾಚಿನಲ್ಲಿ 17ನೇ ಸಮಯ ಇದೆ. 17ನೇ ಬಿಲ್ಲೆ 18ನೆಯವರಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲರ ಸಮಯವೂ ಒಂದೊಂದು ಸ್ಥಾನ ಮೇಲೆ ಜರುಗಿತು. ಒಬ್ಬರ ಹಸಿವಿಗೆ ನಲವತ್ತು ಜನರ ಫಲಿತಾಂಶ ತಪ್ಪು. ಇದನ್ನು ಮನೆಗೆ ಹೋಗಿ, ತಿಂಡಿ ಬಿಟ್ಟು, ಲ್ಯಾಪ್‌ಟಾಪ್ ಮುಂದೆ ಕೂತು ಸರಿಪಡಿಸುವವರು ಒಬ್ಬರಿರುತ್ತಾರೆ. ಅವರಿಗೂ ಸಂಬಳ ಇಲ್ಲ. ಹತ್ತೂವರೆಗೆ ಗ್ರೂಪಿನಲ್ಲಿ "ರಿಸಲ್ಟ್ ಎಲ್ಲಿ?" ಎಂದು ಕೇಳುವ ಮೊದಲು ಇಷ್ಟು ನೆನಪಿರಲಿ.

ಕೊನೆಯವರ ಹಿಂದೆ ನಡೆದು ಬರುವ ಒಬ್ಬ ಸ್ವಯಂಸೇವಕರೂ ಇರುತ್ತಾರೆ. ಓಟದಲ್ಲಿ ಯಾರೂ "ಕೊನೆಯವರು" ಆಗದಿರಲಿ, ದಾರಿಯಲ್ಲಿ ಯಾರಾದರೂ ಕುಸಿದರೆ ಕಾಣದೆ ಹೋಗದಿರಲಿ ಎಂದು. ಎರಡನೆಯ ಕಾರಣ ಚಿಕ್ಕದಲ್ಲ.

"ಓಡಿದರೆ ಹಾರ್ಟ್ ಅಟ್ಯಾಕ್": ಲೆಕ್ಕ ಏನು ಹೇಳುತ್ತದೆ?

2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ವ್ಯಾಯಾಮದ ಬಗ್ಗೆಯೇ ಒಂದು ಭಯ ಹುಟ್ಟಿತು. ಅದರ ಜಾಡಿನಲ್ಲಿ ಬಂದ ಸಂದೇಶಗಳು ಇನ್ನೂ ತಿರುಗುತ್ತಿವೆ. ನನ್ನ ಸೋದರಮಾವನೇ ಕಳಿಸುತ್ತಾರೆ, ಕೆಳಗೆ "ನೀನು ಓಡೋದು ಬಿಡಮ್ಮ" ಎಂದು ಸೇರಿಸಿ.

ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಜನರ ಲೆಕ್ಕವನ್ನು ಸಂಶೋಧಕರು ತೆಗೆದರು. ಹೃದಯ ಸ್ತಂಭನವಾದದ್ದು 59 ಜನರಿಗೆ. ಅಂದರೆ ಸುಮಾರು 1,84,000 ಮಂದಿಯಲ್ಲಿ ಒಬ್ಬರಿಗೆ. ಅಪಾಯ ಇಲ್ಲವೇ ಇಲ್ಲ ಎಂದಲ್ಲ, ಬಹಳ ಕಡಿಮೆ. ಆದರೆ ಆ 59 ಜನರಲ್ಲಿ 42 ಮಂದಿ ತೀರಿಕೊಂಡರು, ನೂರಕ್ಕೆ 71ರಷ್ಟು.

2025ರಲ್ಲಿ ಅದೇ ಬಗೆಯ ಮುಂದಿನ ಲೆಕ್ಕ ಬಂತು. 2010ರಿಂದ 2023, ಓಟ ಮುಗಿಸಿದ 2.9 ಕೋಟಿಗೂ ಹೆಚ್ಚು ಜನ. ಹೃದಯ ಸ್ತಂಭನದ ಪ್ರಮಾಣ ಹೆಚ್ಚುಕಡಿಮೆ ಮೊದಲಿನಷ್ಟೇ. ಆದರೆ ಹಾಗಾದವರಲ್ಲಿ ತೀರಿಕೊಂಡವರು ನೂರಕ್ಕೆ 34ರಷ್ಟು. ಅರ್ಧಕ್ಕಿಂತ ಕಡಿಮೆ! ಜನರ ಹೃದಯ ಗಟ್ಟಿಯಾಗಲಿಲ್ಲ. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತಿದ್ದು, ದಾರಿಯಲ್ಲಿ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇಟ್ಟದ್ದು ಮುಖ್ಯ ಕಾರಣ ಎನ್ನುತ್ತಾರೆ ಸಂಶೋಧಕರು.

ಅಂದರೆ ಕೋನ್ ಇಡುವ, ನೀರು ಕೊಡುವ ಸ್ವಯಂಸೇವಕರಿಗೆ ಸಿಪಿಆರ್ ಗೊತ್ತಿದೆಯೋ ಇಲ್ಲವೋ ಎಂಬುದು ಓಡುವುದು ಅಪಾಯವೋ ಅಲ್ಲವೋ ಎಂಬ ಚರ್ಚೆಗಿಂತ ದೊಡ್ಡ ಪ್ರಶ್ನೆ. ಕುಸಿದವರು ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಓದಿದರೆ ಬರುವುದಿಲ್ಲ, ಗೊಂಬೆಯ ಮೇಲೆ ಮಾಡಿ ಕಲಿಯಬೇಕು. ನಮ್ಮ ಗುಂಪಿನಲ್ಲಿ ಕಳೆದ ವರ್ಷ ಕಲಿತೆವು. ಎರಡು ನಿಮಿಷಕ್ಕೇ ಕೈ ಸೋಲುತ್ತದೆ, ಅದು ನನಗೆ ಮೊದಲು ಗೊತ್ತಿರಲಿಲ್ಲ. ಹಾಗಾಗಿ ಸರದಿ ಬದಲಿಸಲು ಇನ್ನೊಬ್ಬರು ಬೇಕೇ ಬೇಕು. ಓಡುವಾಗ ಎದೆ ಬಿಗಿತ, ತಲೆಸುತ್ತು ಬರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಯಾರಾದರೂ ತೀರಿಕೊಂಡವರು ಮೊದಲು ವೈದ್ಯರನ್ನು ಕಂಡು ಬನ್ನಿ.

ನೀರಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ "ಬಾಯಾರಿಕೆ ಆಗೋ ಮೊದಲೇ ಕುಡಿಯಿರಿ, ಎಷ್ಟು ಸಾಧ್ಯವೋ ಅಷ್ಟು" ಎಂಬ ಸಂದೇಶ ಒಳ್ಳೆಯದೆಂದೇ ಎಲ್ಲರೂ ಹಂಚುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅದೇ ಓಟದಲ್ಲಿ ಒಬ್ಬರು ಇದೇ ಕಾರಣದಿಂದ ಜೀವ ಕಳೆದುಕೊಂಡರು. ಹೆಚ್ಚು ಕುಡಿದು ಓಟದ ಕೊನೆಗೆ ತೂಕ ಏರಿದವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲೇ ತೊಂದರೆ ಜಾಸ್ತಿ. 5 ಕಿ.ಮೀ. ಓಡುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಉದ್ದದ ಓಟದಲ್ಲಿ ಬಾಯಾರಿದಾಗ ಕುಡಿಯಿರಿ, ಪ್ರತಿ ಮೇಜಿನಲ್ಲೂ ಕುಡಿಯಲೇಬೇಕು ಎಂದೇನಿಲ್ಲ. ನೀರಿನ ಮೇಜಿನ ಹಿಂದೆ ನಿಂತ ನಾವೂ "ಕುಡೀರಿ ಕುಡೀರಿ" ಎಂದು ಬಲವಂತ ಮಾಡಬಾರದು. ಮದುವೆ ಊಟ ಬಡಿಸಿದ ಅಭ್ಯಾಸ ನಮಗೆ ಬೇಗ ಹೋಗುವುದಿಲ್ಲ.

ಇನ್ನು ಆ ಅಂಕಲ್

ಕೊನೆಗೆ ನಾನೇ ಹೋಗಿ ಹೇಳಿದೆ. "ಅಂಕಲ್, ಕೋನ್ ಇಡೋದ್ರಲ್ಲಿ ನನ್ನಿಂದ ತಪ್ಪಾಯ್ತು. ಇವತ್ತು ಓಡಿದ್ದು 4.6 ಕಿಲೋಮೀಟರ್ ಅಷ್ಟೇ." ಅವರು ಸ್ವಲ್ಪ ಹೊತ್ತು ಬಾಳೆಹಣ್ಣಿನ ಸಿಪ್ಪೆ ನೋಡಿದರು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. "ಹಾಗಾದ್ರೆ ಅದನ್ನ ಪಟ್ಟಿಯಲ್ಲಿ ಹಾಕ್ಬೇಡಮ್ಮ," ಅಂದರು. "ನಮ್ಮನೆಯವ್ಳಿಗೆ ಮಾತ್ರ ನಾನು ಮುಂದಿನ ವಾರ ಹೇಳ್ತೀನಿ."

ಮುಂದಿನ ವಾರ 31 ನಿಮಿಷ 40 ಸೆಕೆಂಡ್ ಬಂತು. ಅವರು ಇನ್ನೂ ಓಡುತ್ತಿದ್ದಾರೆ. ಕೋನ್ ಇಡುವ ಜಾಗದಲ್ಲಿ ಈಗ ರಸ್ತೆಯ ಅಂಚಿಗೆ ಹಳದಿ ಬಣ್ಣದ ಗುರುತಿದೆ, ಎರಡು ಸಲ ಸೈಕಲ್ಲಿನಲ್ಲಿ ಅಳೆದು ಹಾಕಿದ್ದು. ಎರಡನೇ ಸಲ ಎಣಿಕೆ ಬರೆದುಕೊಂಡವರು ಅವರೇ.